ಮನೆಯೇ ಶಾಲೆಯಾಗುವುದಾದರೆ ಉಸ್ತಾದರು ಯಾರು?

(ದೊಡ್ಡಬಳ್ಳಾಪುರದ ಮಸೀದಿಯೊಂದರಲ್ಲಿ, ಬೇಸಿಗೆ ರಜೆ ಮುಗಿಯುವ ಮುನ್ನ ನೀಡಿದ ಜುಮಾ ಭಾಷಣದ ಸಂಗ್ರಹ)

 



ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳು ತೆರೆಯುತ್ತವೆ. ಕನ್ನಡದಲ್ಲಿ ಅರ್ಜಿ ಬರೆಸಿಕೊಳ್ಳಲು ನಮ್ಮಲ್ಲಿಗೆ ಬರುವವರು ಈ ಸಮಯದಲ್ಲಿ ಹೆಚ್ಚು. ಈ ತಿಂಗಳು ಮೂವರು ತಂದೆಯರು ಮಕ್ಕಳ ಟಿ.ಸಿ.ಗೆ ಅರ್ಜಿ ಬರೆಸಲು ಬಂದರು. ಒಬ್ಬರು ಹೊಸಕೋಟೆಗೆ, ಇನ್ನೊಬ್ಬರು ನೆಲಮಂಗಲಕ್ಕೆ ಮನೆ ಬದಲಾಯಿಸುತ್ತಿದ್ದರು. ಬರೆದುಕೊಟ್ಟೆವು. ಮೂರನೆಯವರು ಹೇಳಿದರು: “ಹಜರತ್, ಮಗಳನ್ನು ಇನ್ನು ಶಾಲೆಗೆ ಕಳಿಸೋದಿಲ್ಲ. ಮನೆಯಲ್ಲೇ ಓದಿಸ್ತೀವಿ. ಈಗ ಎಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ.” ಮಗಳು ಎಂಟನೇ ತರಗತಿ ಮುಗಿಸಿದ್ದಾಳೆ. ನಾವು ಪೆನ್ನು ಕೆಳಗಿಟ್ಟೆವು. “ಜುಮಾ ಆದಮೇಲೆ ಮಾತಾಡೋಣ” ಎಂದು ಕಳಿಸಿದೆವು.

ಯಾಕೆ ಬರೆಯಲಿಲ್ಲವೆಂದರೆ, ಇಂಥದೇ ಒಂದು ಅರ್ಜಿಯನ್ನು ಹಿಂದೆ ಒಮ್ಮೆ ನಾವು ಬರೆದುಕೊಟ್ಟಿದ್ದೇವೆ. ಅದನ್ನು ಈ ಮಿಂಬರಿನ ಮುಂದೆ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಬೇಕು.

ಎಂಟು ವರ್ಷಗಳ ಹಿಂದಿನ ಮಾತು. ಮಗ್ಗದ ಕೆಲಸ ಮಾಡುವ ಒಬ್ಬ ಸಹೋದರರು ಬಂದರು. ಹೈಸ್ಕೂಲು ದೂರ, ಬಸ್ ಸ್ಟಾಂಡಿನಲ್ಲಿ ಹುಡುಗರ ಕಾಟ, ಮನೆಯಲ್ಲೇ ಓದಿಸುತ್ತೇವೆ ಎಂದರು. ನಾವು ಮರುಪ್ರಶ್ನೆ ಹಾಕಲಿಲ್ಲ. “ಅಲ್ಲಾಹ್ ಬರ್ಕತ್ ಕೊಡಲಿ” ಎಂದು ಅರ್ಜಿ ಬರೆದುಕೊಟ್ಟೆವು. ಪುಸ್ತಕಗಳು ಆರು ತಿಂಗಳು ಕಪಾಟಿನ ಮೇಲಿದ್ದವು. ಆ ಮೇಲೆ ಹುಡುಗಿ ಕಂಡಿಕೆ ಸುತ್ತುವ ಕೆಲಸಕ್ಕೆ ಕುಳಿತಳು. ಹದಿನೆಂಟು ತುಂಬುತ್ತಿದ್ದಂತೆ ನಿಕಾಹ್ ಆಯಿತು. ಅದನ್ನು ಓದಿಸಿದವರೂ ನಾವೇ. ಈ ರಮಝಾನಿನ ನಂತರ ಆಕೆ ಮಗುವನ್ನು ಎತ್ತಿಕೊಂಡು ತಾಯಿಯ ಜೊತೆ ಬಂದಿದ್ದಳು. ಗಂಡನ ದುಡಿಮೆ ಸಾಲದು, ಗಾರ್ಮೆಂಟ್ಸಿನಲ್ಲಿ ಸ್ವಲ್ಪ ಮೇಲಿನ ಕೆಲಸಕ್ಕೆ ಹತ್ತನೇ ತರಗತಿಯ ಅಂಕಪಟ್ಟಿ ಕೇಳುತ್ತಾರೆ, ಏನಾದರೂ ದಾರಿ ಇದೆಯೇ ಎಂದು ಕೇಳಿದಳು. ಹೊರಡುವಾಗ ತಲೆ ತಗ್ಗಿಸಿ ಹೇಳಿದಳು: “ಹಜರತ್, ಆವತ್ತು ನೀವು ಒಂದು ಮಾತು ಬೇಡ ಅಂದಿದ್ರೆ ಅಬ್ಬಾ ಕೇಳ್ತಿದ್ರು.”

ಸಹೋದರರೇ, ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ವಿಚಾರಿಸಲ್ಪಡುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ಹುಡುಗಿಯ ಬಗ್ಗೆ ಅವಳ ತಂದೆಯನ್ನು ಕೇಳುವಾಗ ನಮ್ಮನ್ನೂ ಕೇಳಲಾಗುವುದು. ಅಲ್ಲಾಹನು ಕ್ಷಮಿಸಲಿ.

ಮನೆಯಲ್ಲಿ ಓದಿಸುವುದು ತಪ್ಪೇ? ಅಲ್ಲ. ನ್ಯಾಯವಾಗಿ ಮಾತಾಡೋಣ. ಬೆಂಗಳೂರಿನಲ್ಲಿ, ಈಗ ನಮ್ಮ ದೇವನಹಳ್ಳಿಯ ಕಡೆಯ ದೊಡ್ಡ ಬಡಾವಣೆಗಳಲ್ಲೂ, ಓದಿದ ತಂದೆತಾಯಿ ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಕಲಿಸುವುದುಂಟು. ಅದಕ್ಕೆ ಹೋಮ್ ಸ್ಕೂಲಿಂಗ್ ಎನ್ನುತ್ತಾರೆ. ನಮ್ಮ ಇತಿಹಾಸದಲ್ಲೂ ಇದು ಹೊಸತಲ್ಲ. ಭಾರತದ ಮೊದಲ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದ್ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1888ರಲ್ಲಿ ಮಕ್ಕಾದಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ಬೆಳೆದ ಅವರಿಗೆ ಎಲ್ಲ ವಿದ್ಯೆಯೂ ಮನೆಯಲ್ಲೇ ಆಯಿತು. ಇದನ್ನು ಹಿಡಿದು ಕೆಲವರು, “ನೋಡಿ, ಮೌಲಾನಾ ಶಾಲೆಗೆ ಹೋದರೇ?” ಎಂದು ವಾದ ಮಾಡುತ್ತಾರೆ.

ಆದರೆ ಆ ಮನೆ ಎಂಥದ್ದು? ತಂದೆ ಮೌಲಾನಾ ಖೈರುದ್ದೀನ್ ಸ್ವತಃ ದೊಡ್ಡ ವಿದ್ವಾಂಸರು. ಮೊದಲು ತಾವೇ ಕಲಿಸಿದರು. ಆ ಮೇಲೆ ಒಂದೊಂದು ವಿಷಯಕ್ಕೆ ಬಲ್ಲ ಉಸ್ತಾದರನ್ನು ಮನೆಗೆ ಕರೆಸಿದರು. ಹದಿನಾರನೇ ವಯಸ್ಸಿಗೆ ಮಗ ಪೂರ್ತಿ ಪಠ್ಯಕ್ರಮ ಮುಗಿಸಿದಾಗ, ಸುಮಾರು ಹದಿನೈದು ವಿದ್ಯಾರ್ಥಿಗಳನ್ನು ಸೇರಿಸಿ ಅವನಿಂದಲೇ ಪಾಠ ಹೇಳಿಸಿದರು. ಇಷ್ಟಾದರೂ ಮೌಲಾನಾರಿಗೆ ತಮ್ಮ ವಿದ್ಯೆ ಸಾಲದೆನಿಸಿತು. ಸರ್ ಸಯ್ಯದ್ ಅಹ್ಮದ್ ಖಾನರ ಬರಹಗಳನ್ನು ಓದಿದ ಮೇಲೆ, ಆಧುನಿಕ ವಿದ್ಯೆಯಿಲ್ಲದೆ ಶಿಕ್ಷಣ ಪೂರ್ಣವಾಗದೆಂದು ಮನಗಂಡು, ತಾವಾಗಿಯೇ ಇಂಗ್ಲಿಷ್ ಕಲಿತರು. ಮುಂದೆ 1947ರಿಂದ 1958ರಲ್ಲಿ ತೀರಿಕೊಳ್ಳುವವರೆಗೂ ದೇಶದ ಶಿಕ್ಷಣ ಅವರ ಕೈಯಲ್ಲಿತ್ತು. ಮನೆಯಲ್ಲಿ ಓದಿದ ಆ ಮನುಷ್ಯ, ‘ಎಲ್ಲರೂ ಮನೆಯಲ್ಲೇ ಓದಿ’ ಎನ್ನಲಿಲ್ಲ. ಹದಿನಾಲ್ಕು ವರ್ಷದವರೆಗೆ ಪ್ರತಿಯೊಂದು ಮಗುವಿಗೂ ಶಿಕ್ಷಣ ಸಿಗಬೇಕೆಂದು ದುಡಿದರು. ತಮಗೆ ಸಿಕ್ಕಂಥ ಮನೆ ಎಲ್ಲ ಮಕ್ಕಳಿಗೂ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರ ಹುಟ್ಟಿದ ದಿನವಾದ ನವೆಂಬರ್ 11ನ್ನು ರಾಷ್ಟ್ರೀಯ ಶಿಕ್ಷಣ ದಿನವಾಗಿ ಆಚರಿಸುತ್ತೇವೆ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ನಡೆಸುವ ಮಾದರಿ ಶಾಲೆಗಳಿಗೂ ಅವರದೇ ಹೆಸರು.

ಆದ್ದರಿಂದ ಮಗುವನ್ನು ಮನೆಯಲ್ಲಿ ಓದಿಸುತ್ತೇವೆ ಎನ್ನುವವರಿಗೆ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಎಂಟು ವರ್ಷದ ಹಿಂದೆ ಕೇಳಬೇಕಿತ್ತು, ಕೇಳಲಿಲ್ಲ.

ಒಂದು, ಕಲಿಸುವವರು ಯಾರು? ಗಣಿತ ಯಾರು ಹೇಳಿಕೊಡುತ್ತಾರೆ, ವಿಜ್ಞಾನ ಯಾರು, ಕನ್ನಡ ಯಾರು? ಅಬ್ಬಾ ಬೆಳಿಗ್ಗೆಯಿಂದ ರಾತ್ರಿವರೆಗೆ ಮಗ್ಗದಲ್ಲಿ, ಇಲ್ಲವೇ ಆಟೋದಲ್ಲಿ. ಅಮ್ಮಿಗೆ ಅಡುಗೆ, ನೀರು, ಚಿಕ್ಕ ಮಕ್ಕಳು. ಮೊಬೈಲ್ ಉಸ್ತಾದ್ ಅಲ್ಲ. ಮಗು ತಪ್ಪು ಲೆಕ್ಕ ಮಾಡಿದರೆ ಅದು ಕಿವಿ ಹಿಂಡುವುದಿಲ್ಲ, ಅತ್ತರೆ ಕಣ್ಣೊರೆಸುವುದಿಲ್ಲ.

ಎರಡು, ಯಾವ ಹೊತ್ತಿನಲ್ಲಿ? ಮನೆಯಲ್ಲಿರುವ ಹುಡುಗಿಗೆ “ಬಾ, ಪಾತ್ರೆ ತೊಳಿ” ಎನ್ನದೆ, ದಿನಕ್ಕೆ ನಾಲ್ಕು ಗಂಟೆ ಪುಸ್ತಕದ ಮುಂದೆ ಕೂರಲು ಬಿಡುವ ಮನೆ ನಿಮ್ಮದೇ?

ಮೂರು, ಯಾವ ಪರೀಕ್ಷೆ, ಯಾವ ವರ್ಷ? ಎನ್‌ಐಒಎಸ್ ಎಂಬ ಕೇಂದ್ರ ಸರಕಾರದ ಮುಕ್ತ ಶಾಲೆಯಿದೆ. ಹದಿನಾಲ್ಕು ತುಂಬಿದವರು ಅದರಲ್ಲಿ ಹತ್ತನೇ ತರಗತಿಗೆ ಸೇರಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಿಕೊಳ್ಳುವ ಅವಕಾಶ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ದಾರಿಯೂ ಇದೆ. ಹೆಸರು ನೋಂದಾಯಿಸಿದ್ದೀರಾ?

ಮೂರಕ್ಕೂ ಉತ್ತರವಿದ್ದರೆ ನಿಮ್ಮ ಮನೆ ನಿಜಕ್ಕೂ ಶಾಲೆ. ಅರ್ಜಿ ನಾವೇ ಬರೆದುಕೊಡುತ್ತೇವೆ, ದುಆ ಮಾಡುತ್ತೇವೆ. ಉತ್ತರವಿಲ್ಲದಿದ್ದರೆ ಅದಕ್ಕೆ ಹೋಮ್ ಸ್ಕೂಲಿಂಗ್ ಎನ್ನಬೇಡಿ. ಅದು ಶಾಲೆ ಬಿಡಿಸುವುದು. ಹೆಸರು ಬದಲಿಸಿದರೆ ಅಲ್ಲಾಹನ ಮುಂದೆ ಲೆಕ್ಕ ಬದಲಾಗುವುದಿಲ್ಲ.

ಇದು ಬರೀ ಮಾತಲ್ಲ, ನಾವೆಲ್ಲರೂ ಕಣ್ಣಾರೆ ಕಂಡದ್ದು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪ್ರತಿಯೊಂದು ಮನೆಯೂ ಶಾಲೆಯಾಗಬೇಕಾಯಿತು. ಮನೆಗೊಂದು ಮೊಬೈಲ್, ಮಕ್ಕಳು ಮೂವರು. ಮೊಬೈಲ್ ಗಂಡುಮಗನ ಕೈಗೆ ಹೋಯಿತು. ಚಂದನ ಟಿ.ವಿ.ಯಲ್ಲಿ ಪಾಠ ಬರುವಾಗ ಕರೆಂಟ್ ಇರುತ್ತಿರಲಿಲ್ಲ. ಆ ವರ್ಷ ಸರಕಾರ ‘ವಿದ್ಯಾಗಮ’ ಶುರು ಮಾಡಿದಾಗ ಮೇಷ್ಟ್ರುಗಳೇ ಓಣಿಗೆ ಬಂದು ಮರದ ಕೆಳಗೆ, ಜಗುಲಿಯ ಮೇಲೆ ಪಾಠ ಮಾಡಿದರು. ನಮ್ಮ ಮಸೀದಿಯ ಜಗುಲಿಯಲ್ಲೂ ಮಕ್ಕಳು ಕೂತಿದ್ದರು. ಮೇಷ್ಟ್ರನ್ನು ಕಂಡ ಕೂಡಲೇ ಮಕ್ಕಳ ಮುಖ ಹೇಗೆ ಅರಳುತ್ತಿತ್ತೆಂದು ನಿಮಗೆ ನೆನಪಿದೆಯಲ್ಲ? ಶಾಲೆ ಮತ್ತೆ ತೆರೆದಾಗ, ಓದಲು ಬರುತ್ತಿದ್ದ ಮಕ್ಕಳೇ ಅಕ್ಷರ ಕೂಡಿಸಲು ತಡವರಿಸುತ್ತಿದ್ದರು.

ಕಾನೂನೂ ತಿಳಿದಿರಲಿ. ಶಿಕ್ಷಣ ಹಕ್ಕಿನ ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಅವರ ಹಕ್ಕು, ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ. ಕಳಿಸದ ತಂದೆಗೆ ಅದರಲ್ಲಿ ಶಿಕ್ಷೆಯಿಲ್ಲ, ನಿಜ. ಆ ಹಕ್ಕು ಎಂಟನೇ ತರಗತಿಗೆ ಮುಗಿಯುತ್ತದೆ, ಅದೂ ನಿಜ. ನಮ್ಮ ಹೆಣ್ಣುಮಕ್ಕಳ ಶಾಲೆಯೂ ಸರಿಯಾಗಿ ಅಲ್ಲಿಗೇ ಮುಗಿಯುತ್ತಿರುವುದನ್ನು ನೋಡಿ. ಶಿಕ್ಷೆಯ ಭಯವಿಲ್ಲದ ಕಡೆ ಅಲ್ಲಾಹನ ಭಯ ಕೆಲಸ ಮಾಡಬೇಕು.

ಇನ್ನು ಜನರು ಹೇಳುವ ಕಾರಣಗಳಿಗೆ ಬರೋಣ. ಅವನ್ನು ನಾವು ತಳ್ಳಿಹಾಕುವುದಿಲ್ಲ.

“ಕಲಿಸುವವರು ನಮ್ಮವರಲ್ಲ” ಎನ್ನುತ್ತಾರೆ. ಬದ್ರ್ ಯುದ್ಧದ ಕೈದಿಗಳ ವಿಷಯ ನೆನಪಿಸಿಕೊಳ್ಳಿ. ಬಿಡುಗಡೆಯ ಹಣ ಕೊಡಲಾಗದ, ಆದರೆ ಓದುಬರಹ ಬಲ್ಲ ಕೈದಿಗಳಿಗೆ, ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಬಿಡುಗಡೆಯೆಂದು ಪ್ರವಾದಿವರ್ಯರು(ಸ) ನಿರ್ಧರಿಸಿದರೆಂದು ಸೀರತ್ ಗ್ರಂಥಗಳಲ್ಲಿದೆ. ಅವರು ನಮ್ಮ ವಿರುದ್ಧ ಕತ್ತಿ ಹಿಡಿದು ಬಂದಿದ್ದವರು. ನಮ್ಮ ಮಕ್ಕಳಿಗೆ ಕಲಿಸುವ ಮೇಷ್ಟ್ರು, ಟೀಚರಮ್ಮ ನಮ್ಮ ಊರಿನವರು, ನಮ್ಮ ಸುಖದುಃಖಕ್ಕೆ ಬರುವವರು.

“ಹಿಜಾಬಿನ ವಿಷಯದಲ್ಲಿ ಏನಾಯಿತು ನೋಡಲಿಲ್ಲವೇ?” ಎನ್ನುತ್ತಾರೆ. ನೋಡಿದ್ದೇವೆ, ನೋವೂ ಪಟ್ಟಿದ್ದೇವೆ. ಉಡುಪಿಯಲ್ಲಿ ಶುರುವಾಗಿ, 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಎಲ್ಲವೂ ನೆನಪಿದೆ. ಆದರೆ ಆ ಹೆಣ್ಣುಮಕ್ಕಳು ಗೇಟಿನ ಹೊರಗೆ ನಿಂತು ಕೇಳಿದ್ದೇನು? ‘ಮನೆಗೆ ಹೋಗುತ್ತೇವೆ’ ಎಂದಲ್ಲ, ‘ತರಗತಿಯೊಳಗೆ ಕೂರಲು ಬಿಡಿ’ ಎಂದು. ಅವರ ಹೆಸರು ಹೇಳಿ ನಮ್ಮ ಮಗಳನ್ನು ತರಗತಿಯಿಂದ ಹೊರಗೆ ತರುವುದು ಅವರಿಗೆ ಕೊಡುವ ಗೌರವವಲ್ಲ. ಒಂದು ಶಾಲೆಯಲ್ಲಿ ತೊಂದರೆಯಾದರೆ ಹಿರಿಯರು ಹೋಗಿ ಮಾತಾಡೋಣ, ಕಾನೂನಿನ ದಾರಿಯಲ್ಲಿ ಕೇಳೋಣ, ಬೇಕಾದರೆ ಬೇರೆ ಶಾಲೆ ನೋಡೋಣ.

“ಶಾಲೆಯಲ್ಲಿ ಅದಬ್ ಹಾಳಾಗುತ್ತದೆ” ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ತರ್ಬಿಯತ್ತನ್ನು ಶಾಲೆಗೆ ವಹಿಸಿಕೊಟ್ಟವರು ಯಾರು? ಇಮಾಮ್ ಮಾಲಿಕರ(ರಹ್) ತಾಯಿ ಮಗನಿಗೆ ಒಳ್ಳೆಯ ಬಟ್ಟೆ ತೊಡಿಸಿ, ತಲೆಗೆ ಇಮಾಮಾ ಕಟ್ಟಿ, ರಬೀಆ ಎಂಬ ಗುರುಗಳ ಮಜ್ಲಿಸಿಗೆ ಕಳಿಸುತ್ತಿದ್ದರು. ಅವರ ವಿದ್ಯೆಗಿಂತ ಮೊದಲು ಅವರ ಅದಬ್ ಕಲಿತು ಬಾ ಎನ್ನುತ್ತಿದ್ದರಂತೆ. ತಾಯಿ ಮನೆಯ ಕೆಲಸ ಮನೆಯಲ್ಲಿ ಮಾಡಿದರು, ಮಗನನ್ನು ಮನೆಯಲ್ಲೇ ಇಟ್ಟುಕೊಳ್ಳಲಿಲ್ಲ. ಶಾಲೆಗೆ ಕಳಿಸಿದ ತಂದೆತಾಯಿಯ ಜವಾಬ್ದಾರಿಯೂ ಅಲ್ಲಿಗೆ ಮುಗಿಯಲಿಲ್ಲ. ರಾತ್ರಿ ಮಗುವಿನ ಪಕ್ಕದಲ್ಲಿ ಕುಳಿತು ‘ಇವತ್ತು ಏನಾಯಿತು?’ ಎಂದು ಕೇಳಿ. ಎಸ್‌ಡಿಎಂಸಿ ಸಭೆ ತಂದೆತಾಯಿಗಳದೇ ಸಭೆ. ನಮ್ಮಲ್ಲಿ ಎಷ್ಟು ಮಂದಿ ಅದಕ್ಕೆ ಹೋಗಿದ್ದೇವೆ?

ಹಿಫ್ಝ್ ಮಾಡಿಸುವವರಿಗೂ ಒಂದು ಮಾತು. ನಾವು ಮದ್ರಸಾದಲ್ಲಿ ಓದಿದವರು. ಕುರ್‌ಆನ್ ಎದೆಯಲ್ಲಿರುವುದಕ್ಕಿಂತ ದೊಡ್ಡ ಸಂಪತ್ತಿಲ್ಲ. ಆದರೆ ಬಿ.ಎ. ಮಾಡಬೇಕೆಂದಾಗ ನಾವು ಹತ್ತನೇ ತರಗತಿಯಿಂದಲೇ ಶುರು ಮಾಡಬೇಕಾಯಿತು. ಇಪ್ಪತ್ತಾರನೇ ವಯಸ್ಸಿನಲ್ಲಿ, ಗಡ್ಡ ಬಿಟ್ಟುಕೊಂಡು, ಹುಡುಗರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದೆವು. ಗಣಿತದಲ್ಲಿ ಒಮ್ಮೆ ಫೇಲಾದೆವು. ನಿಮ್ಮ ಹಾಫಿಝ್ ಮಗನಿಗೆ ಈ ಕಷ್ಟ ಬೇಡ. ಹಿಫ್ಝ್ ಜೊತೆಯಲ್ಲೇ ಮುಕ್ತ ಶಾಲೆಯ ನೋಂದಣಿ ಮಾಡಿಸಿ.

ಉಪದೇಶ ಮಾಡಿ ಮಸೀದಿ ಸುಮ್ಮನಿರಬಾರದು. ಕಮಿಟಿಯವರ ಜೊತೆ ಮಾತಾಡಿ ನಾಲ್ಕು ನಿರ್ಧಾರ ಮಾಡಿದ್ದೇವೆ. ಮಕ್ತಬ್ ಇನ್ನು ಮುಂದೆ ಶಾಲೆಯ ಹೊತ್ತಿಗೆ ಅಡ್ಡಿಯಾಗುವುದಿಲ್ಲ, ಫಜ್ರ್ ನಂತರ ಅಥವಾ ಮಗ್ರಿಬ್ ನಂತರ ಮಾತ್ರ ನಡೆಯುತ್ತದೆ. ಬೆಳಿಗ್ಗೆ ಮತ್ತು ಸಂಜೆ ಬಸ್ ಸ್ಟಾಂಡಿನಲ್ಲಿ ಇಬ್ಬರು ಹಿರಿಯರು ಸರದಿಯಂತೆ ನಿಲ್ಲುತ್ತಾರೆ. ಅಲ್ಲಿ ಹುಡುಗಿಯರಿಗೆ ತೊಂದರೆ ಕೊಡುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಅವರ ತಂದೆಯರು ಈಗ ನಮ್ಮ ಮುಂದೆಯೇ ಕುಳಿತಿದ್ದೀರಿ, ಮಗನನ್ನು ತಿದ್ದಿ. ಹೈಸ್ಕೂಲಿನ ಫೀಸು, ಬಸ್ ಪಾಸಿಗೆ ಕಷ್ಟವಿದ್ದವರು ಗುಟ್ಟಾಗಿ ನಮಗೆ ತಿಳಿಸಿ, ದಾರಿ ಮಾಡೋಣ. ಶಾಲೆ ಬಿಟ್ಟವರ ಪರೀಕ್ಷಾ ಅರ್ಜಿ ತುಂಬಲು ಭಾನುವಾರ ಝುಹರ್ ನಂತರ ಕೂರುತ್ತೇವೆ. ಮೊದಲ ಅರ್ಜಿ ಆ ಹುಡುಗಿಯದು. ಅದನ್ನು ನಾವೇ ನಮ್ಮ ಕೈಯಾರೆ ತುಂಬುತ್ತೇವೆ, ಅವಳ ಫೀಸು ನಮ್ಮದು.

ಸಹೋದರರೇ, ಹಿರಾ ಗುಹೆಯಲ್ಲಿ ಇಳಿದ ಮೊದಲ ಆಜ್ಞೆಯೇ ಓದಿನ ಬಗ್ಗೆ. ಅದರಲ್ಲಿ ಗಂಡು, ಹೆಣ್ಣು ಎಂಬ ಭೇದವಿರಲಿಲ್ಲ. ಪ್ರವಾದಿವರ್ಯರ(ಸ) ಕಾಲದ ಹೆಂಗಸರು ತಮಗಾಗಿ ಕಲಿಕೆಯ ಒಂದು ಪ್ರತ್ಯೇಕ ದಿನ ಕೇಳಿದರು, ಅವರು ಕೊಟ್ಟರು. ಇವತ್ತು ನಮ್ಮ ಮಗಳು ಕೇಳುತ್ತಿರುವುದು ಇನ್ನೆರಡು ವರ್ಷ.

ಆ ಮೂರನೆಯ ತಂದೆ ಈ ಸಫ್‌ಗಳಲ್ಲೇ ಎಲ್ಲೋ ಕುಳಿತಿದ್ದಾರೆ. ಅವರ ಹೆಸರು ಹೇಳುವುದಿಲ್ಲ, ಅವರಿಗೆ ಬೇಸರವೂ ಬೇಡ. ಭಯ್ಯಾ, ಅರ್ಜಿಯ ಹಾಳೆ ಇನ್ನೂ ಖಾಲಿಯಾಗಿ ನಮ್ಮ ಬಳಿಯಿದೆ. ನಮಾಝ್ ಮುಗಿಸಿ ಬನ್ನಿ. ಆ ಮೂರು ಪ್ರಶ್ನೆಗಳನ್ನು ಕೂತು ಮಾತಾಡೋಣ. ಸಾಧ್ಯವಾದರೆ ಮಗಳನ್ನೂ ಒಂದು ಮಾತು ಕೇಳಿ ಬನ್ನಿ.

ಓ ಅಲ್ಲಾಹ್, ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ಒಳ್ಳೆಯ ನಡತೆಯನ್ನೂ ಕರುಣಿಸು. ಅವರಿಗೆ ಕಲಿಸುವ ಎಲ್ಲ ಗುರುಗಳಿಗೆ ಒಳಿತು ಮಾಡು. ನಮ್ಮ ಅಜ್ಞಾನದಿಂದ ಮಕ್ಕಳಿಗಾದ ನಷ್ಟವನ್ನು ಕ್ಷಮಿಸು, ಅದನ್ನು ತುಂಬಿಕೊಡುವ ಶಕ್ತಿ ಕೊಡು. ಆಮೀನ್.