ನಡುವೆ ನಿಲ್ಲುವವರು ಬೇಕು

(ಅರಕೇರಿಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಬಸವಣ್ಣನವರ ಕಲ್ಯಾಣಕ್ಕೆ ಬಂದವರೆಲ್ಲ ಕನ್ನಡ ನಾಡಿನವರಲ್ಲ. ಮೋಳಿಗೆ ಮಾರಯ್ಯನವರು ಕಾಶ್ಮೀರದಿಂದ, ಮರುಳಶಂಕರದೇವರು ಅಫಘಾನಿಸ್ತಾನದ ಕಡೆಯಿಂದ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಮರುಳಶಂಕರದೇವರು ಹನ್ನೆರಡು ವರ್ಷ ಮಹಾಮನೆಯಲ್ಲೇ ಇದ್ದರೂ ಯಾರೂ ಅವರನ್ನು ಅರಿಯಲಿಲ್ಲ. ಅಲ್ಲಮಪ್ರಭುಗಳು ಗುರುತಿಸಿ ತೋರಿಸಬೇಕಾಯಿತು. ಅಂಥ ಮನೆಯಲ್ಲೂ ಬಂದವರಿಗೂ ಇದ್ದವರಿಗೂ ನಡುವೆ ನಿಲ್ಲಲು ಒಬ್ಬರು ಬೇಕಾದರು.

ಇಂದು ನಮ್ಮವರೇ ಪರನಾಡಿಗೆ ಹೋಗುತ್ತಿದ್ದಾರೆ. ದೀಪಾವಳಿ ಮುಗಿಯಿತೆಂದರೆ ಈ ಭಾಗದ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೊರಡುತ್ತಾರೆ. ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ ಆಡುವ ತಾಯಿಗೆ ಅಲ್ಲಿ ಮರಾಠಿ ಎದುರಾಗುತ್ತದೆ.

ಕಬ್ಬಿನ ಗ್ಯಾಂಗಿನೊಂದಿಗೆ ಹೋಗಿದ್ದ ಬಸುರಿ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಹೇಳಿದ ಮಾತಿದು: ‘ಡಾಕ್ಟರು ಮರಾಠಿಯಾಗ ಕೇಳಿದ್ರು, ಮುಕಾದಮ ಉತ್ತರ ಕೊಟ್ಟ. ಏನಂದಾರ ಅಂತ ಕೇಳಿದ್ರ, ಏನಿಲ್ಲ, ನಾಳೆ ಕೆಲಸಕ್ಕ ಬಾ ಅಂದ.’ ಡಾಕ್ಟರು ತಿಂಗಳು ವಿಶ್ರಾಂತಿ ಹೇಳಿದ್ದರೆಂದು ಆಕೆಗೆ ತಿಳಿದದ್ದು ಕೂಸು ಕಳೆದುಕೊಂಡ ಮೇಲೆ.

ಮುಕಾದಮನಿಗೆ ಎರಡೂ ಭಾಷೆ ಬರುತ್ತಿತ್ತು. ಆದರೆ ಅವನು ಮುಂಗಡ ಕೊಟ್ಟವನು. ಆಕೆಯ ಒಂದೊಂದು ದಿನದ ದುಡಿಮೆಯೂ ಅವನ ಲೆಕ್ಕದಲ್ಲಿತ್ತು. ಭಾಷೆ ಬಲ್ಲವರೆಲ್ಲ ನಡುವೆ ನಿಲ್ಲಲು ತಕ್ಕವರಲ್ಲ. ಲಾಭದ ಹಂಗಿಲ್ಲದವರು ಬೇಕು.

ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಗುತ್ತಿಗೆದಾರರು ಕೊಡುವ ಪಾಸ್‌ಬುಕ್ ಕಾರ್ಮಿಕರ ಭಾಷೆಯಲ್ಲೂ ಇರಬೇಕೆಂದು 1979ರ ಕಾಯ್ದೆಯೇ ಹೇಳಿತ್ತು. ಬೆಲ್ಜಿಯಂ ಸರಕಾರ 1999ರಿಂದ ಆಸ್ಪತ್ರೆಗಳಲ್ಲಿ ವಲಸಿಗರ ನುಡಿ, ನಡೆ ಎರಡನ್ನೂ ಬಲ್ಲವರನ್ನು ಇಡಲು ಹಣ ಕೊಡುತ್ತಿದೆ. ರೋಗಿಯ ಮಾತು ವೈದ್ಯರಿಗೆ, ವೈದ್ಯರ ಮಾತು ರೋಗಿಗೆ ಕೂಡಿಸದೆ ಕಳೆಯದೆ ಮುಟ್ಟಿಸುವುದೇ ಅವರ ಕಾಯಕ.

ನಾವೇನು ಮಾಡಬಹುದು? ಜನ ಗುಳೆ ಹೋಗುವ ಪ್ರತಿ ಊರು, ತಾಂಡಾದಿಂದ ಮರಾಠಿ ಬಲ್ಲ ಒಬ್ಬರನ್ನು, ಆದಷ್ಟೂ ಹೆಣ್ಣುಮಗಳನ್ನು, ಆರಿಸೋಣ. ಅವರ ಫೋನ್ ನಂಬರು ಹೋಗುವವರೆಲ್ಲರ ಕೈಯಲ್ಲಿರಲಿ. ಗಡಿಯಾಚೆ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರ ಕಡೆಗಳಲ್ಲೂ ನಮ್ಮ ಮಠಗಳಿವೆ, ಎರಡೂ ನುಡಿಯ ಭಕ್ತರಿದ್ದಾರೆ, ಅವರನ್ನು ಜೋಡಿಸೋಣ. ಊರಿನ ಪಡಿತರ ಚೀಟಿ ಅಲ್ಲಿಯೂ ನಡೆಯುತ್ತದೆ ಎಂದು ತಿಳಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಕೂಲಿಯ ಲೆಕ್ಕ ಓದಿ ಹೇಳುವುದು, ದವಾಖಾನೆಯಲ್ಲಿ ಜೊತೆಗೆ ನಿಲ್ಲುವುದು: ಇಷ್ಟಾದರೂ ಸಾಕು. ಇವರ ಖರ್ಚನ್ನು ಮಠ ಭರಿಸಲಿ. ಲಿಂಗ ಕಟ್ಟಿದವರೋ ಅಲ್ಲವೋ ಎಂದು ಯಾರನ್ನೂ ಕೇಳುವುದು ಬೇಡ.

ಅನ್ನದ ದಾಸೋಹ ನಮಗೆ ಗೊತ್ತು. ಬಾಯಿದ್ದೂ ಮಾತು ಸಾಗದವರಿಗೆ ಮಾತು ನೀಡುವುದೂ ದಾಸೋಹವೇ. ಬರುವ ದೀಪಾವಳಿಯೊಳಗೆ ಮೊದಲ ಹೆಸರುಗಳನ್ನು ಬರೆಯೋಣ.