ಹಿತ್ತಿಲು ಮತ್ತು ಹಿರಿಯರು



2020ರ ಮಾರ್ಚ್ 24ರಂದು ಮಿಶಿಗನ್ ರಾಜ್ಯದಲ್ಲಿ ಗೃಹಬಂಧನದ ಆಜ್ಞೆ ಜಾರಿಗೆ ಬಂದಾಗ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಊರಿನಿಂದ ಬಂದ ತಂದೆತಾಯಿಗಳಿದ್ದರು. ಭಾರತಕ್ಕೆ ವಿಮಾನಗಳು ನಿಂತಿದ್ದವು. ವೈದ್ಯರಾದ ನಾವು ಆಸ್ಪತ್ರೆಯಿಂದ ಮರಳಿ ನೆಲಮಾಳಿಗೆಯಲ್ಲಿ ಪ್ರತ್ಯೇಕವಾಗಿ ಮಲಗುತ್ತಿದ್ದೆವು. ಹಿರಿಯರನ್ನು ಸೋಂಕಿನಿಂದ ದೂರವಿರಿಸಿದೆವು. ಏಕಾಂತದಿಂದ ಕಾಪಾಡುವುದು ಹೇಗೆ?

ಏಪ್ರಿಲ್ 9ರ ಆಜ್ಞೆಯಿಂದ ದೊಡ್ಡ ಅಂಗಡಿಗಳ ತೋಟಗಾರಿಕೆ ವಿಭಾಗಗಳೂ ಸುಮಾರು ಎರಡು ವಾರ ಮುಚ್ಚಿದವು. ಆಗ ಸಾಂಬಾರ ಡಬ್ಬಿಯೇ ನಮ್ಮ ಬೀಜಭಂಡಾರವಾಯಿತು. ಮೆಂತ್ಯವನ್ನು ರಾತ್ರಿಯಿಡೀ ನೆನೆಸಿ, ಕೊತ್ತಂಬರಿ ಕಾಳನ್ನು ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ, ದಕ್ಷಿಣದ ಕಿಟಕಿಯ ಬಳಿ ಕುಂಡಗಳಲ್ಲಿ ಬಿತ್ತಿದೆವು. ಮೆಂತ್ಯ ವಾರದೊಳಗೆ ಮೊಳೆತು ತಿಂಗಳಲ್ಲಿ ಕೊಯ್ಲಿಗೆ ಬಂದಿತು, ಕೊತ್ತಂಬರಿ ತಡಮಾಡಿತು. ಮೇ ಮಧ್ಯಭಾಗ ಕಳೆದು ಹಿಮದ ಭಯ ನೀಗಿದ ಮೇಲೆ ಹಿತ್ತಿಲಿನಲ್ಲಿ ದಂಟು, ಹೀರೆ, ಬದನೆಯ ಸಸಿ. ಯಾವ ಗಿಡಕ್ಕೆ ಎಷ್ಟು ನೀರು ಎಂಬಲ್ಲಿ ಹಿರಿಯರ ಮಾತೇ ಅಂತಿಮವಾಗಿತ್ತು. "ವಿಮಾನ ಯಾವಾಗ?" ಎಂಬ ನಿತ್ಯದ ಪ್ರಶ್ನೆಯ ಜೊತೆಗೆ "ಗೊಬ್ಬರ ಯಾವಾಗ ತರುತ್ತೀರಿ?" ಎಂಬುದೂ ಕೇಳಿಬರತೊಡಗಿತು.

ವೈದ್ಯರಾಗಿ ಒಂದು ಎಚ್ಚರಿಕೆ: ವಾರ್ಫರಿನ್ ಸೇವಿಸುವವರು ಬೆಳೆ ಬಂದಿತೆಂದು ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಔಷಧದ ಪರಿಣಾಮವನ್ನು ಕುಗ್ಗಿಸುತ್ತದೆ. ಪ್ರತಿದಿನ ಸಮಪ್ರಮಾಣದಲ್ಲಿ ತಿನ್ನುವುದು ಕ್ಷೇಮ.

ಬಾಂಧವರೇ, ಊರಿನಿಂದ ಬರುವ ಹಿರಿಯರನ್ನು ನಾವು ಟಿ.ವಿ.ಯ ಮುಂದೆ ಅತಿಥಿಗಳಂತೆ ಕೂರಿಸುತ್ತೇವೆ. ವಿಶ್ರಾಂತಿ ಕೊಟ್ಟೆವೆಂದು ಭಾವಿಸುತ್ತೇವೆ. ಅವರಿಗೆ ಬೇಕಾದುದು ಹೊಣೆ. ಮುಂದಿನ ಬೇಸಿಗೆಯಲ್ಲಿ ಅವರು ಬಂದಾಗ, ನಾಲ್ಕು ಅಡಿ ನೆಲವನ್ನಾದರೂ ಅವರ ವಶಕ್ಕೆ ಒಪ್ಪಿಸೋಣ.