ಯಾವುದಕ್ಕೆ ಯಾವ ಅಂಟು?



ಕುರ್ಚಿಯ ಕಾಲು ಅಲ್ಲಾಡುತ್ತದೆ. ನೀರಿನ ಪೈಪು ಸೋರುತ್ತದೆ. ಮಗುವಿನ ಗೊಂಬೆ ಮುರಿದಿದೆ. ಇಂಥದ್ದನ್ನು ನಾವೇ ಸರಿಮಾಡಬಹುದು. ಆದರೆ ಎಲ್ಲದಕ್ಕೂ ಒಂದೇ ಅಂಟು ಆಗೋದಿಲ್ಲ.

ಮರಕ್ಕೆ ಫೆವಿಕಾಲ್‌ನಂಥ ಬಿಳಿ ಅಂಟು ಒಳ್ಳೇದು. ಹಚ್ಚಿ, ಜೋಡಿಸಿ, ಹಗ್ಗದಿಂದ ಬಿಗಿಯಾಗಿ ಕಟ್ಟೋಣ. ರಾತ್ರಿಯಿಡೀ ಹಾಗೇ ಬಿಡೋಣ.

ಸೋರುವ ಪೈಪಿಗೆ ಎಂ-ಸೀಲ್. ಮೊದಲು ನೀರು ನಿಲ್ಲಿಸಿ ಪೈಪು ಒಣಗಿಸೋಣ. ಪೊಟ್ಟಣದಲ್ಲಿ ಎರಡು ಭಾಗ ಇರುತ್ತವೆ. ಎರಡನ್ನೂ ಸಮಸಮ ತಗೊಂಡು ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಬಣ್ಣ ಒಂದೇ ಆದ ಮೇಲೆ ಮೆತ್ತಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಇರಲಿ. 24 ಗಂಟೆ ಒಣಗಲಿ.

ಗ್ಯಾಸಿನ ಪೈಪಿಗೆ ಮಾತ್ರ ಯಾವ ಅಂಟೂ ಬೇಡ. ಹೊಸದೇ ಹಾಕಿಸಬೇಕು.

ಗೊಂಬೆಯಂಥ ಸಣ್ಣ ವಸ್ತುವಿಗೆ ಫೆವಿಕ್ವಿಕ್. ಒಂದು ಹನಿ ಸಾಕು, ಕ್ಷಣದಲ್ಲಿ ಹಿಡಿಯುತ್ತದೆ. ನಮ್ಮ ಚರ್ಮವನ್ನೂ ಹಿಡಿಯುತ್ತದೆ! ಟ್ಯೂಬನ್ನು ಹಲ್ಲಿನಿಂದ ಕಚ್ಚಬಾರದು. ಬೆರಳು ಅಂಟಿದರೆ ಎಳೀಬಾರದು. ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಬೇಕು.

ಕಣ್ಣಿನ ಔಷಧಿ ಎಂದು ತಿಳಿದು ಇಂಥ ಅಂಟನ್ನು ಕಣ್ಣಿಗೆ ಹಾಕಿಕೊಂಡವರೂ ಇದ್ದಾರೆ. ಹಾಗಾದರೆ ಕಣ್ಣು ಉಜ್ಜಬಾರದು, ರೆಪ್ಪೆ ಎಳೆದು ಬಿಡಿಸಬಾರದು. ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಟ್ಯೂಬಿನ ಮೇಲಿನ ಬರಹ ಬಲು ಸಣ್ಣದು. ಬಹಳ ಸಲ ಇಂಗ್ಲಿಷಿನಲ್ಲಿರುತ್ತದೆ. ಇರಲಿ, ಈಗ ನಮಗೆ ಬರೆಯೋಕೆ ಬರುತ್ತಲ್ಲ! ಅಂಟನ್ನೆಲ್ಲ ಒಂದು ಡಬ್ಬಿಗೆ ಹಾಕೋಣ. ಮೇಲೆ ದೊಡ್ಡದಾಗಿ ಬರೆಯೋಣ: ‘ಇದು ಅಂಟು. ಔಷಧಿ ಅಲ್ಲ.’ ಮಕ್ಕಳಿಗೆ ಎಟುಕದ ಕಡೆ ಇಡೋಣ.

ನಾವು ಕಲಿತ ಅಕ್ಷರ ನಮ್ಮ ಮನೆಯವರ ಕಣ್ಣು ಕಾಯಲಿ.